ಮೂರು ಸಾವಿರದ ನಡುಪಟ್ಟಿ

ತಿಝ್ನಿತ್, 4 ಡಿಸೆಂಬರ್ 1986

ಪ್ರೀತಿಯ ಅಣ್ಣ ಜವಾದ್‌ಗೆ,

ತಂಗಿ ಬತೂಲ್ ಮಾಡುವ ಸಲಾಂ. ನನ್ನ ಪರವಾಗಿ ಅಮ್ಮನ ಕೈಗೆ ಮುತ್ತು ಕೊಡು. ಫತೀಹಾ ಅತ್ತಿಗೆಗೂ ಮಕ್ಕಳಿಗೂ ನನ್ನ ನೆನಪು ಹೇಳು.

ನಿನ್ನೆ ಸಂಬಳವಾಯಿತು. ಒಂಬೈನೂರು ದಿರ್ಹಮ್ ಮನಿಆರ್ಡರ್ ಮಾಡಿದ್ದೇನೆ. ಬೇಸಿಗೆಯಿಂದ ಕಳಿಸಿದ್ದೆಲ್ಲ ಸೇರಿ ಮೂರೂವರೆ ಸಾವಿರವಾಯಿತು. ಅಮ್ಮನ ಆಪರೇಷನ್ನಿಗೆ ಕಣ್ಣಿನ ಡಾಕ್ಟರು ಹೇಳಿದ್ದು ಆರು ಸಾವಿರ. ಇನ್ನು ಎರಡೂವರೆ ಸಾವಿರ ಹೊಂದಿಸಬೇಕು. ಅವರ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ: ಕಣ್ಣೊಳಗಿನ ಒತ್ತಡ ನರವನ್ನು ತಿನ್ನುತ್ತಿದೆ, ಫೆಬ್ರವರಿ ಮುಗಿಯುವುದರೊಳಗೆ ಆಪರೇಷನ್ ಆಗಬೇಕು, ಒಮ್ಮೆ ಹೋದ ದೃಷ್ಟಿ ಮತ್ತೆ ಬರುವುದಿಲ್ಲ. ಇಲ್ಲಿ ಶಾಲೆಯಲ್ಲಿ ಮಕ್ಕಳಿಗೆ ಪದ್ಯ ಓದಿಸುತ್ತಿರುವಾಗಲೂ ಅದೇ ಮಾತು ಕಿವಿಯಲ್ಲಿರುತ್ತದೆ.

ಒಂದು ವಿಷಯ ಹೇಳಲು ಸಂಕೋಚ. ಈ ಹಣವನ್ನು ಅಂಗಡಿಯ ಗಲ್ಲಾಪೆಟ್ಟಿಗೆಗೆ ಹಾಕಬೇಡ. ಒಂದು ಲಕೋಟೆಯಲ್ಲಿಟ್ಟು, ಮೇಲೆ ಅಮ್ಮನ ಹೆಸರು ಬರೆದು, ಮನೆಯ ಕಪಾಟಿನಲ್ಲಿಡು. ನಿನ್ನ ಮೇಲೆ ಅನುಮಾನವಿದೆ ಎಂದು ತಿಳಿಯಬೇಡ.

ಇನ್ನೊಂದು. ಅಪ್ಪ ಕೈಮಗ್ಗದಲ್ಲಿ ನೇಯ್ದ ಮೂರು ರೇಷ್ಮೆ ನಡುಪಟ್ಟಿಗಳು ಅವರು ತೀರಿಕೊಂಡ ಮೇಲೆ ಅಂಗಡಿಯ ಬೀರುವಿನಲ್ಲಿ ನಾಲ್ಕು ವರ್ಷದಿಂದ ಸುಮ್ಮನೆ ಮಲಗಿವೆ. ಈಗಿನ ಮದುವಣಗಿತ್ತಿಯರು ಮಿಷನ್ನಿನ ಪಟ್ಟಿಯನ್ನೇ ಕೇಳುತ್ತಾರೆಂದು ನೀನೇ ಹೇಳುತ್ತೀಯ. ಒಂದನ್ನು ಗುರುವಾರದ ಹರಾಜಿಗೆ ಹಾಕಬಾರದೇ? ಅದರಲ್ಲಿ ನನ್ನ ಪಾಲು ಎಷ್ಟಿದ್ದರೂ ನನಗೆ ಬೇಡ. ಎಲ್ಲ ಅಮ್ಮನ ಕಣ್ಣಿಗೆ ಹೋಗಲಿ.

ನಿನ್ನ ತಂಗಿ,
ಬತೂಲ್

---

ಫೆಸ್, 15 ಡಿಸೆಂಬರ್ 1986

ನಮ್ಮ ಮೇಡಂ ಬತೂಲ್‌ಗೆ,

ಕಾಗದವೂ ಬಂತು, ಹಣವೂ ಬಂತು. ಅಮ್ಮ ಚೆನ್ನಾಗಿದ್ದಾಳೆ. ಮೊನ್ನೆ ಅವರೆಬೇಳೆ ಗಂಜಿಗೆ ಎರಡು ಸಲ ಉಪ್ಪು ಹಾಕಿದಳು, ಅಷ್ಟೆ. ಫತೀಹಾ "ಅತ್ತೆ, ಸಮುದ್ರಾನೇ ಕಾಯಿಸಿಟ್ಟಿದ್ದೀರಲ್ಲ" ಅಂದಳು. ಎಲ್ಲರೂ ನಕ್ಕೆವು. ಅಮ್ಮನೂ ನಕ್ಕಳು.

ಲಕೋಟೆಯಂತೆ, ಕಪಾಟಂತೆ, ಮೇಲೆ ಹೆಸರಂತೆ! ಅಪ್ಪ ನಲವತ್ತು ವರ್ಷ ಒಂದೇ ಗಲ್ಲಾದಿಂದ ಅಂಗಡಿ ನಡೆಸಿದ, ಮನೆ ನಡೆಸಿದ, ನಿನ್ನನ್ನು ಬಿ.ಎ. ಓದಿಸಿದ, ಅಜ್ಜಿಯ ಮಣ್ಣನ್ನೂ ಮಾಡಿದ. ಇದು ಅಂಗಡಿಯ ನಾಣ್ಯ, ಇದು ಮನೆಯ ನಾಣ್ಯ ಅಂತ ಯಾವ ನಾಣ್ಯದ ಮೇಲೆ ಅಚ್ಚಾಗಿದೆ ತೋರಿಸು. ನೀನು ಸಂತೋಷಪಡಬೇಕಾದ ಸುದ್ದಿ ಬೇರೆ ಇದೆ. ಬೇಸಿಗೆಯಿಂದ ಈಚೆಗೆ ಅಂಗಡಿ ಹಿಂದೆಂದೂ ಇಲ್ಲದಷ್ಟು ಚೆನ್ನಾಗಿ ನಡೆಯುತ್ತಿದೆ. ತಿಂಗಳ ಕೊನೆಗೆ ಗಲ್ಲಾ ಎಣಿಸಿದರೆ ಐನೂರು, ಆರುನೂರು ಹೆಚ್ಚೇ ಇರುತ್ತದೆ. ಪಕ್ಕದ ಅಂಗಡಿಯ ಹಾಜಿ ಮಕ್ಕಿಗೆ ಹೊಟ್ಟೆಯುರಿ.

ನೀನು ಹೇಳಿದೆಯೆಂದು ಅಪ್ಪನ ಒಂದು ಪಟ್ಟಿಯನ್ನು ಹರಾಜಿಗೆ ಕೊಟ್ಟೆ. ದಲ್ಲಾಳಿ ಬೂಷ್ತಾ ಅದನ್ನು ಹೆಗಲ ಮೇಲೆ ಹಾಕಿಕೊಂಡು ಸಂಜೆ ನಮಾಜಿನ ಹೊತ್ತಿನವರೆಗೆ ಸಾಲಂಗಡಿಗಳ ಮುಂದೆ ಓಡಿದ. "ಎರಡು ಸಾವಿರದ ನಾನೂರು! ಎರಡು ಸಾವಿರದ ನಾನೂರು, ಮೇಲೆ ಯಾರಪ್ಪಾ?" ಕೊನೆಗೆ ಎರಡು ಸಾವಿರದ ಆರುನೂರಕ್ಕೆ ನಿಂತಿತು. ಪದ್ಧತಿಯಂತೆ ನನ್ನ ಬಳಿ ಬಂದು ಕೇಳಿದ: "ಕೊಡ್ತೀಯಾ?"

"ಕತ್ತೆ ಹೊಟ್ಟೆಗೆ ಕಟ್ಟೋ ಪಟ್ಟಿ ಅಂದ್ಕೊಂಡ್ರಾ ಇದನ್ನ?" ಅಂದೆ. "ಐದು ಸಾವಿರಕ್ಕೆ ಒಂದು ದಿರ್ಹಮ್ ಕಮ್ಮಿ ಆದ್ರೂ ಕೊಡಲ್ಲ."

"ಹಂಗಾದ್ರೆ ನೀನೇ ಕಟ್ಕೊಂಡು ಕೂತ್ಕೋ ಮಗಾ," ಅಂತ ಮಡಿಲಿಗೆ ಎಸೆದು ಹೋದ.

ಅಪ್ಪನ ಕೈಕೆಲಸ ಬತೂಲ್! ಊರಿಗೆಲ್ಲ ಅದು ಬಟ್ಟೆಯ ತುಂಡು. ನಾನಾದರೆ ಕತ್ತಲಲ್ಲಿ ಮುಟ್ಟಿದರೂ ಗುರುತಿಸುತ್ತೇನೆ.

ನಿನ್ನ ಅಣ್ಣ,
ಜವಾದ್

---

ತಿಝ್ನಿತ್, 26 ಡಿಸೆಂಬರ್ 1986

ಪ್ರೀತಿಯ ಅಣ್ಣ,

ನೀವೆಲ್ಲ ನಕ್ಕದ್ದನ್ನು ಓದಿದೆ. ನನಗೆ ನಗು ಬರಲಿಲ್ಲ. ಬಿಳಿ ಬಟ್ಟಲಿನಲ್ಲಿ ಬಿಳಿ ಉಪ್ಪು ಅಮ್ಮನಿಗೆ ಕಾಣುತ್ತಿಲ್ಲ ಎಂದು ನಿಮಗೆ ಯಾರಿಗೂ ಅನ್ನಿಸಲಿಲ್ಲವೇ?

ಗಲ್ಲಾದಲ್ಲಿ ತಿಂಗಳಿಗೆ ಹೆಚ್ಚಿಗೆ ಕಾಣುವ ಐನೂರು, ಆರುನೂರರ ಬಗ್ಗೆ. ಬೇಸಿಗೆಯಿಂದ ಪ್ರತಿ ತಿಂಗಳು ನಾನು ಕಳಿಸುತ್ತಿರುವುದೂ ಅಷ್ಟೇ ಅಲ್ಲವೇ? ದಯವಿಟ್ಟು ಒಮ್ಮೆ ನನ್ನ ಹಣವನ್ನು ಬೇರೆ ತೆಗೆದಿಟ್ಟು ಉಳಿದದ್ದನ್ನು ಎಣಿಸಿ ನೋಡು. ಅಂಗಡಿ ನಡೆಯುತ್ತಿದೆಯೋ ಇಲ್ಲವೋ ಆಗ ಗೊತ್ತಾಗುತ್ತದೆ. ತಪ್ಪಾಗಿ ಹೇಳಿದ್ದರೆ ಕ್ಷಮಿಸು.

ಪಟ್ಟಿಯನ್ನು ಮುಂದಿನ ಗುರುವಾರ ಮತ್ತೆ ಹಾಕು. ಎರಡು ಸಾವಿರದ ಆರುನೂರು ಬಂದರೆ ನಮ್ಮ ಲೆಕ್ಕ ಚುಕ್ತಾ ಆಗುತ್ತದೆ. ಸಾಕು ಅಣ್ಣ, ಅಷ್ಟೇ ಸಾಕು.

ಬತೂಲ್

---

ಫೆಸ್, 8 ಜನವರಿ 1987

ಬತೂಲ್‌ಗೆ,

ಓದಿದವರ ಮನೆಯಲ್ಲಿ ಅಣ್ಣನಿಗೂ ಪರೀಕ್ಷೆ ಇಡುತ್ತಾರೆಂದು ಗೊತ್ತಿರಲಿಲ್ಲ. ನಿನ್ನ ಹಣ ಗಲ್ಲಾದಲ್ಲೇ ಇದೆ. ಗಲ್ಲಾಕ್ಕೆ ಕಾಲಿಲ್ಲ, ಓಡಿಹೋಗುವುದಿಲ್ಲ. ಫತೀಹಾಳ ತಮ್ಮನ ನಿಶ್ಚಿತಾರ್ಥಕ್ಕೆ ಒಂದು ಕುರಿ, ಒಂದಿಷ್ಟು ಸಕ್ಕರೆ ಅಚ್ಚು ಒಯ್ಯಬೇಕಾಯಿತು. ಬರಿಗೈಯಲ್ಲಿ ಹೋಗಲಾಗುತ್ತದೆಯೇ? ವಸಂತದ ಮದುವೆಗಳು ಶುರುವಾದರೆ ಅದೆಲ್ಲ ತುಂಬಿಕೊಳ್ಳುತ್ತದೆ.

ಪಟ್ಟಿಯನ್ನು ಮತ್ತೆ ಹಾಕಿದೆ. ಈ ಸಲ ಎರಡು ಸಾವಿರದ ಮುನ್ನೂರಕ್ಕೇ ನಿಂತಿತು. ಬೇಡ ಎಂದೆ. ಬೂಷ್ತಾನಿಗೆ ಸಿಟ್ಟು ಬಂದು, "ಎರಡು ಸಲ ವಾಪಸ್ ತಗೊಂಡ ಮಾಲನ್ನ ಮೂರನೇ ಸಲ ಹೆಗಲಿಗೆ ಹಾಕ್ಕೊಂಡ್ರೆ ನನ್ನ ಮಾನ ಹೋಗುತ್ತೆ. ಅದು ಮಾಲಲ್ಲ, ನಿನ್ನ ಮಗು. ತೊಟ್ಟಿಲಲ್ಲಿ ಹಾಕಿ ತೂಗು ಹೋಗು," ಎಂದು ಇಡೀ ಬೀದಿಗೆ ಕೇಳುವ ಹಾಗೆ ಕೂಗಿದ. ಹಾಜಿ ಮಕ್ಕಿ ತನ್ನ ಗಾದಿಯ ಮೇಲೆ ಉರುಳಾಡಿ ನಕ್ಕ. ನಗಲಿ.

ಅಮ್ಮ ಮೊನ್ನೆ ಬಾಗಿಲ ಚೌಕಟ್ಟಿಗೆ ಹಣೆ ಹೊಡೆದುಕೊಂಡಳು. ಗಾಯ ಸಣ್ಣದು. ಬಲಗಣ್ಣಿಗೆ ಸ್ವಲ್ಪ ಮಂಜು ಅನ್ನುತ್ತಾಳೆ. ಚಳಿಗೆ ಎಲ್ಲರಿಗೂ ಹಾಗೇ ಆಗುತ್ತದೆ.

ಜವಾದ್

---

ತಿಝ್ನಿತ್, 2 ಫೆಬ್ರವರಿ 1987

ಅಣ್ಣನಿಗೆ,

ಜಗಳವಾಡಲು ಬರೆಯುತ್ತಿಲ್ಲ. ಉಳಿದ ಎರಡೂವರೆ ಸಾವಿರವನ್ನು ಈ ತಿಂಗಳ ನಡುವೆ ನಾನೇ ಹೊಂದಿಸುತ್ತೇನೆ. ಹೇಗೆ ಎಂದು ಈಗ ಕೇಳಬೇಡ. ನೀನು ಕ್ಲಿನಿಕ್ಕಿಗೆ ಹೋಗಿ ಫೆಬ್ರವರಿ 23, ಸೋಮವಾರಕ್ಕೆ ದಿನ ಗೊತ್ತುಮಾಡಿ ಬಾ. ಗಲ್ಲಾದಲ್ಲಿರುವ ಮೂರೂವರೆ ಸಾವಿರವನ್ನು ಮಾತ್ರ ಮುಟ್ಟಬೇಡ. ಕುರಿಗೆ ಹೋದದ್ದು ಹೋಗಲಿ, ಉಳಿದದ್ದನ್ನು ಮುಟ್ಟಬೇಡ.

ಅಮ್ಮನಿಗೆ ಬಾಗಿಲ ಬಳಿ ಒಂದು ದೀಪ ಇಡಿ.

ಬತೂಲ್

---

ಫೆಸ್, 13 ಫೆಬ್ರವರಿ 1987

ಪ್ರೀತಿಯ ತಂಗಿ,

ಸೋಮವಾರ ಕ್ಲಿನಿಕ್ಕಿಗೆ ಹೋಗಿ ದಿನ ಗೊತ್ತುಮಾಡಿ ಬಂದೆ. ಅದು ಹಾಗಿರಲಿ. ನಿನ್ನೆ ನಡೆದದ್ದನ್ನು ಕೇಳು.

ಹರಾಜಿನ ಹೊತ್ತಿಗೆ ಬೂಷ್ತಾ ಒಂದು ಹಳೆಯ ಪಟ್ಟಿ ಹೊತ್ತು ಬಂದ. ಹಸಿರು ನೆಲ, ಬಿಳಿ ನಕ್ಷತ್ರಗಳು, ಒಂದು ತುದಿಯಲ್ಲಿ ಯಾರೋ ಹಳದಿ ನೂಲಿನಿಂದ ತೇಪೆ ಹಾಕಿದ್ದರು. ಯಾರದು ಅಂತ ಕೇಳಿದರೆ ಹೇಳುತ್ತಾನೆಯೇ? ದಲ್ಲಾಳಿಯ ಬಾಯಿ. ನಾನು ಎರಡು ಬೆರಳಲ್ಲಿ ಎತ್ತಿ ನೋಡಿ, "ಥೂ, ಯಾವ ಮುದುಕಿ ಇಲಿ ತಿಂದಿದ್ದಕ್ಕೆ ಹೊಲಿಗೆ ಹಾಕಿದ್ದಾಳೋ. ಬಣ್ಣ ಹೋಗಿದೆ. ಕಸೂತಿ ಕಲಿಯೋರ ಕೈಕೆಲಸ ಇದ್ದಂಗಿದೆ. ಸಾವಿರಕ್ಕೆ ಮೇಲೆ ಮಾತಾಡ್ಬೇಡ," ಅಂದೆ. ಬೂಷ್ತಾ ನನ್ನ ಮುಖವನ್ನೇ ನೋಡಿದ. "ನಿಂಗೆ ಹಾಗನ್ಸುತ್ತಾ ಮಗಾ?" ಅಂದ.

ಆಮೇಲೆ ಹಾಜಿ ಮಕ್ಕಿ ಎರಡು ಸಾವಿರದ ಏಳುನೂರು ಕೂಗಿದ. ಆ ಮುದಿ ನರಿ ಸುಮ್ಮನೆ ಕೂಗುವವನಲ್ಲ. ಎಂಟುನೂರು ಎಂದೆ. ಒಂಬೈನೂರು ಎಂದ. ಮೂರು ಸಾವಿರ ಎಂದೆ. ಅವನು ಲೋಟ ಎತ್ತಿ ಚಹಾ ಕುಡಿದ. ಪಟ್ಟಿ ನನ್ನದಾಯಿತು.

ಮನೆಗೆ ತಂದು ದೀಪದ ಕೆಳಗೆ ಬಿಡಿಸಿದೆ. ಬತೂಲ್, ಏನು ಹೇಳಲಿ! ಆ ಹಸಿರು ಈಗಿನ ಬಣ್ಣದ ಪುಡಿಯಿಂದ ಬರುವುದಿಲ್ಲ. ನಕ್ಷತ್ರದ ಒಂದೊಂದು ಮೂಲೆಯೂ ಸೂಜಿಯಂತೆ ಚೂಪು. ಆ ತೇಪೆಯೂ ಅಷ್ಟೆ, ಹಳೆಯ ಕಾಲದ ಯಾವುದೋ ಮನೆತನದ ಹೆಂಗಸಿನ ಕೈ. ಅದೇ ಅದರ ವಯಸ್ಸಿಗೆ ಸಾಕ್ಷಿ. ಬೆಳಿಗ್ಗೆ ಹಾಜಿ ಮಕ್ಕಿ "ನೂರು ಲಾಭ ಇಟ್ಕೊಂಡು ಕೊಡ್ತೀಯಾ?" ಅಂದ. ಒಂಬತ್ತು ಸಾವಿರ ಎಂದೆ. ಒಂಬತ್ತಕ್ಕೂ ಕೊಡಲು ಮನಸ್ಸಿಲ್ಲ.

ಅಮ್ಮನಿಗೆ ತೋರಿಸೋಣವೆಂದಿದ್ದೆ, ಮಲಗಿದ್ದಳು.

ಜವಾದ್

---

ತಿಝ್ನಿತ್, 16 ಫೆಬ್ರವರಿ 1987

ಅಣ್ಣಾ, ಅಣ್ಣಾ,

ಹಣ ಹೊಂದಿತು! ಈಗ ಹೇಳುತ್ತೇನೆ, ಬೈಯಬೇಡ. ನಾನು ಕೆಲಸ ಸಿಕ್ಕಿ ಇಲ್ಲಿಗೆ ಹೊರಟಾಗ ಅಮ್ಮ ತನ್ನ ಮದುವೆಯ ನಡುಪಟ್ಟಿಯನ್ನು ಗಂಟಿನಲ್ಲಿ ಕಟ್ಟಿ ನನಗೆ ಕೊಟ್ಟಿದ್ದಳು. ನಿನಗೆ ಹೇಳಿರಲಿಲ್ಲ. "ಅವನಿಗೆ ಗೊತ್ತಾದ್ರೆ ಅಂಗಡಿ ಬೀರು ಸೇರ್ಸ್ತಾನೆ, ನಿನ್ನ ಮದುವೇಲಿ ಕಟ್ಕೋ" ಅಂದಿದ್ದಳು. ಮದುವೆ ಯಾವಾಗಲೋ, ಕಣ್ಣು ಈಗ. ನನ್ನ ಜೊತೆ ಕೆಲಸ ಮಾಡುವ ಟೀಚರೊಬ್ಬರು ರಜೆಗೆ ಫೆಸ್‌ಗೆ ಹೊರಟಿದ್ದರು. ಅವರ ಕೈಯಲ್ಲಿ ದಲ್ಲಾಳಿ ಬೂಷ್ತಾಗೆ ಕಳಿಸಿದೆ. ಹೆಸರು ಹೇಳಬೇಡಿ ಎಂದೂ ಬರೆದಿದ್ದೆ. ಹೇಳಿದರೆ ನೀನು ತಡೆಯುತ್ತೀಯೆಂದು ಭಯ.

ಗುರುವಾರ ಮೂರು ಸಾವಿರಕ್ಕೆ ಹೋಯಿತಂತೆ. ದಲ್ಲಾಳಿ ನೂರೈವತ್ತು ಹಿಡಿದು ಎರಡು ಸಾವಿರದ ಎಂಟುನೂರೈವತ್ತು ತಂತಿ ಮನಿಆರ್ಡರ್ ಮಾಡಿದ್ದಾರೆ. ಈಗ ತಾನೇ ಅಂಚೆ ಕಚೇರಿಯಿಂದ ಬಂದೆ. ನಿನ್ನ ಹತ್ತಿರ ಇರುವುದರ ಜೊತೆ ಸೇರಿಸಿದರೆ ಆರು ಸಾವಿರ ತುಂಬುತ್ತದೆ. ಕೊಂಡವನು ಯಾರೋ ಗೊತ್ತಿಲ್ಲ, ದೇವರು ಅವನ ಅಂಗಡಿಯನ್ನು ತಣ್ಣಗಿಡಲಿ. ನಾಳೆಯೇ ನಿನಗೆ ಕಳಿಸುತ್ತೇನೆ. ಸೋಮವಾರ ಬೆಳಿಗ್ಗೆ ಅಮ್ಮನಿಗೆ ಖಾಲಿ ಹೊಟ್ಟೆಯಲ್ಲಿರಲು ಹೇಳು.

ನಿನ್ನ ತಂಗಿ,
ಬತೂಲ್

---

ತಿಝ್ನಿತ್, 17 ಫೆಬ್ರವರಿ 1987

ಅಣ್ಣನಿಗೆ,

ಇಂದು ಬೆಳಿಗ್ಗೆ, ಮನಿಆರ್ಡರ್ ಮಾಡಲು ಹೊರಡುವ ಹೊತ್ತಿಗೆ ನಿನ್ನ 13ರ ಕಾಗದ ಬಂತು. ಮೂರು ಸಲ ಓದಿದೆ.

ನನ್ನ ನಿನ್ನೆಯ ಕಾಗದ ನಿನಗೆ ತಲುಪುವ ಹೊತ್ತಿಗೆ ನಿನಗೂ ಗೊತ್ತಾಗಿರುತ್ತದೆ. ಆ ಹಳದಿ ತೇಪೆ ಹಾಕಿದ ಮುದುಕಿ ನಿನ್ನ ಪಕ್ಕದ ಕೋಣೆಯಲ್ಲಿ ಮಲಗಿದ್ದಾಳೆ. ನಾನು ಹುಟ್ಟಿದ ವರ್ಷ ಹಾಕಿದ್ದು. ನೇಯ್ದವನು ಕಸೂತಿ ಕಲಿಯುವವನಲ್ಲ, ಅಪ್ಪ.

ಒಂದೇ ಪ್ರಶ್ನೆ. ಮೂರು ಸಾವಿರವನ್ನು ಯಾವ ಹಣದಿಂದ ಕೊಟ್ಟೆ?

ಬತೂಲ್

---

ಫೆಸ್, 25 ಫೆಬ್ರವರಿ 1987

ಬತೂಲ್‌ಗೆ,

ಗಲ್ಲಾದಿಂದ ಕೊಟ್ಟೆ. ಇನ್ನೆಲ್ಲಿಂದ ಕೊಡಲಿ? ಅದು ಅಂಗಡಿಯ ಹಣವೂ ಹೌದು, ಅಮ್ಮನ ಹಣವೂ ಹೌದು, ನನ್ನದೂ ಹೌದು. ಹತ್ತು ದಿನದಲ್ಲಿ ಒಂಬತ್ತು ಸಾವಿರ ಮಾಡಿ ಆಪರೇಷನ್ನೂ ಮುಗಿಸಿ, ಮೂರು ಸಾವಿರ ಉಳಿಸುವ ಲೆಕ್ಕವಿತ್ತು ನನಗೆ. ಒಳ್ಳೆಯದಕ್ಕೇ ಮಾಡಿದೆ.

ತಪ್ಪು ಯಾರದು, ನೀನೇ ಹೇಳು. ತಾಯಿಯ ಮದುವೆಯ ಪಟ್ಟಿಯನ್ನು ಕದ್ದುಮುಚ್ಚಿ ಬೀದಿಯಲ್ಲಿ ಓಡಾಡಿಸಿದವಳು ನೀನು. ಅಣ್ಣನ ಹತ್ತಿರವೇ ಮೂರು ಸಾವಿರ ಕಿತ್ತುಕೊಂಡವಳು ನೀನು. ನ್ಯಾಯವಾಗಿ ಆ ಎರಡು ಸಾವಿರದ ಎಂಟುನೂರೈವತ್ತು ನನ್ನದು. ಕಳಿಸು.

ಪಟ್ಟಿಯನ್ನು ಮತ್ತೆ ಹರಾಜಿಗೆ ಹಾಕು ಅಂತ ಬರೆಯಬೇಡ. ಯಾರದೋ ಪಟ್ಟಿ ಆಗಿದ್ದಾಗ ಒಂಬತ್ತು ಸಾವಿರದ್ದು. ಅಪ್ಪನದು ಅಂತ ಗೊತ್ತಾದ ಮೇಲೆ ಹನ್ನೆರಡಕ್ಕೆ ಕಡಿಮೆ ಹೇಗೆ ಹೇಳಲಿ? ಬೀರುವಿನಲ್ಲಿ ಈಗ ನಾಲ್ಕಿವೆ. ನಾಲ್ಕು ಸೇರಿದರೆ ಒಂದು ಮನೆಯ ಬೆಲೆ.

ಕ್ಲಿನಿಕ್ಕಿಗೆ ಹೋಗಿ ಒಂದು ತಿಂಗಳು ಮುಂದೂಡಿ ಬಂದೆ. ಅಲ್ಲಿನ ಗುಮಾಸ್ತೆ ಮುಖ ಸಿಂಡರಿಸಿದಳು. ಅಮ್ಮ ನನ್ನನ್ನೇ ಸಮಾಧಾನ ಮಾಡಿದಳು: "ಹೋಗ್ಲಿ ಬಿಡೋ, ಒಂದು ತಿಂಗಳಿಗೇನು. ನಾನೇನು ಕುರಾನ್ ಓದ್ಬೇಕಾ, ಕಸೂತಿ ಹಾಕ್ಬೇಕಾ?"

ಜವಾದ್

---

ತಿಝ್ನಿತ್, 4 ಮಾರ್ಚ್ 1987

ಅಣ್ಣನಿಗೆ,

ಲೆಕ್ಕ ಹೀಗಿದೆ. ನಾನು ಉಳಿಸಿದ ಹಣ ನಿನ್ನ ಗಲ್ಲಾ ಸೇರಿತು. ಅಲ್ಲಿಂದ ನನ್ನ ಪಟ್ಟಿಯನ್ನು ಕೊಂಡಿತು. ಮತ್ತೆ ನನ್ನ ಕೈಗೇ ಬಂತು, ನೂರೈವತ್ತು ಕಡಿಮೆಯಾಗಿ. ಈ ಚಳಿಗಾಲದಲ್ಲಿ ನಮ್ಮ ಕುಟುಂಬದಿಂದ ಲಾಭವಾದದ್ದು ಬೂಷ್ತಾ ಒಬ್ಬರಿಗೇ.

ನಿನ್ನನ್ನು ಬೈದು ನಾಲ್ಕು ಪುಟ ಬರೆದಿದ್ದೆ. ಹರಿದೆ. ನೀನು ಕೇಳದ ಒಂದು ಮಾತನ್ನು ಬರೆಯಬೇಕಾಗಿದೆ. ಪಟ್ಟಿ ಹಿಂದಿನ ಗುರುವಾರ, ಫೆಬ್ರವರಿ 5ರಂದೇ ಹರಾಜಿಗೆ ಬಂದಿತ್ತು. ಅಂದು ನೀನು ಅಂಗಡಿಯಲ್ಲಿರಲಿಲ್ಲವಂತೆ. ಹಾಜಿ ಮಕ್ಕಿ ಎರಡು ಸಾವಿರದ ಏಳುನೂರು ಕೂಗಿದ್ದರು. ನನಗೆ ಬೇಕಾದದ್ದು ಎರಡೂವರೆ ಸಾವಿರ. ಆದರೆ ನಾನು ಬೂಷ್ತಾಗೆ ಕೊಟ್ಟ ಚೀಟಿಯಲ್ಲಿ "ಮೂರು ಸಾವಿರಕ್ಕೆ ಕಡಿಮೆ ಕೊಡಬೇಡಿ" ಎಂದು ಬರೆದಿದ್ದೆ. ಏಕೆ ಬರೆದೆ? ಅಮ್ಮನದಲ್ಲವೇ, ನನ್ನದಲ್ಲವೇ ಅನ್ನಿಸಿತು. ನಿನ್ನ ಐದು ಸಾವಿರವನ್ನು ಓದಿ ಸಿಟ್ಟಾಗಿದ್ದವಳು ನಾನೇ. ಆ ಮುನ್ನೂರು ದಿರ್ಹಮಿನ ಆಸೆಯಿಂದ ಪಟ್ಟಿ ಇನ್ನೊಂದು ವಾರ ಉಳಿಯಿತು, ನಿನ್ನ ಕೈಗೆ ಬಂತು.

ಈಗ ಬೇಡಿಕೊಳ್ಳುತ್ತೇನೆ. ಹಾಜಿ ಮಕ್ಕಿ ಏನು ಕೊಟ್ಟರೂ ತೆಗೆದುಕೋ. ಎರಡು ಸಾವಿರವಾದರೂ ಸರಿ. ಉಳಿದದ್ದಕ್ಕೆ ನಾನು ಸಾಲ ಮಾಡುತ್ತೇನೆ. ನನ್ನ ಹತ್ತಿರ ಇರುವ ಹಣವನ್ನು ನಿನಗೆ ಕಳಿಸುವುದಿಲ್ಲ. ಲಕೋಟೆಯಲ್ಲಿಟ್ಟು ಅಮ್ಮನ ಹೆಸರು ಬರೆದಿದ್ದೇನೆ. ಮಾರ್ಚ್ 28ಕ್ಕೆ ರಜೆ ಶುರು, ಅಂದೇ ಹೊರಡುತ್ತೇನೆ. ಅದಕ್ಕೆ ಮುಂಚೆ ಶಾಲೆಯ ಇನ್‌ಸ್ಪೆಕ್ಟರ್ ಬಿಡುತ್ತಿಲ್ಲ.

ಬತೂಲ್

---

ಫೆಸ್, 15 ಮಾರ್ಚ್ 1987

ಬತೂಲ್‌ಗೆ,

ಹಾಜಿ ಮಕ್ಕಿಯ ಅಂಗಡಿಗೆ ನಾನಾಗಿ ಹೋದೆ. ನಿನಗಾಗಿ ಹೋದೆ. "ಎರಡು ಸಾವಿರದ ಐನೂರು," ಅಂದ.

"ಅವತ್ತು ಒಂಬೈನೂರವರೆಗೂ ಬಂದಿದ್ರಲ್ಲ ಹಾಜಿ?"

"ಅವತ್ತು ನೀನು ಕೂಗ್ತಿದ್ದೆ, ನಾನೂ ಕೂಗ್ದೆ. ಇವತ್ತು ಯಾರೂ ಕೂಗ್ತಿಲ್ಲ," ಅಂತ ಹಲ್ಲು ಕಿರಿದ. ಐನೂರು ಕಳೆದುಕೊಂಡು ಅಪ್ಪನ ಪಟ್ಟಿಯನ್ನು ಆ ಮನುಷ್ಯನ ಹಲ್ಲಿಗೆ ಕೊಡಬೇಕೇ? ಎದ್ದು ಬಂದೆ.

ಅಮ್ಮ ಈಗ ಮೆಟ್ಟಿಲು ಇಳಿಯುವುದಿಲ್ಲ. ಬಲಗಣ್ಣು ಮುಚ್ಚಿದರೂ ತೆರೆದರೂ ಒಂದೇ ಅನ್ನುತ್ತಾಳೆ. ಎಡಗಣ್ಣಿನಲ್ಲಿ ಕಿಟಕಿ ಯಾವುದು, ಗೋಡೆ ಯಾವುದು ಅಂತ ತಿಳಿಯುತ್ತದೆ. ನೀನು ಬಂದ ಮೇಲೆ ಮಾತಾಡೋಣ. ಬರುವಾಗ ಹಣ ತಾ.

ಜವಾದ್

---

ತಿಝ್ನಿತ್, 2 ಮೇ 1987

ಅಣ್ಣನಿಗೆ,

ರಜೆಯಲ್ಲಿ ನಾನು ಬಂದು ಅಮ್ಮನನ್ನು ಇಲ್ಲಿಗೆ ಕರೆದುಕೊಂಡು ಹೊರಟ ದಿನ ನೀನು ಅಂಗಡಿಯಿಂದ ಬರಲಿಲ್ಲ. ಅಮ್ಮ ಬಸ್ಸಿನಲ್ಲಿ ಕಾಸಾಬ್ಲಾಂಕಾ ದಾಟುವವರೆಗೂ "ಗಿರಾಕಿ ಬಂದಿರ್ಬೇಕು" ಎನ್ನುತ್ತಿದ್ದಳು.

ಏಪ್ರಿಲ್‌ನಲ್ಲೇ ಒಂದು ಕಾಗದ ಬರೆದೆ. ಉತ್ತರವಿಲ್ಲ. ಸಿಗದೇ ಹೋಗಿರಬಹುದೆಂದು ಮತ್ತೆ ಬರೆಯುತ್ತಿದ್ದೇನೆ. ಆ ಎರಡು ಸಾವಿರದ ಎಂಟುನೂರೈವತ್ತಕ್ಕೆ ಟೀಚರುಗಳ ಹತ್ತಿರ ಪಡೆದ ಸಾಲ ಸೇರಿಸಿ ಅಗಾದಿರ್‌ನಲ್ಲಿ ಎಡಗಣ್ಣಿಗೆ ಆಪರೇಷನ್ ಮಾಡಿಸಿದೆ. ಡಾಕ್ಟರು ಒಳ್ಳೆಯವರು, ಸುಳ್ಳು ಹೇಳಲಿಲ್ಲ. ಚಳಿಗಾಲದಲ್ಲೇ ಬಂದಿದ್ದರೆ ಎರಡೂ ಉಳಿಯುತ್ತಿದ್ದವು ಎಂದರು. ಕಣ್ಣಿಗೆ ಕಟ್ಟಿದ್ದ ಪಟ್ಟಿ ಬಿಚ್ಚಿದ ದಿನ ಕಿಟಕಿಯ ಬೆಳಕು ಕಂಡಿತು. ಎರಡು ವಾರದ ಮೇಲೆ ಅದೂ ಇಲ್ಲ. ಅಮ್ಮನಿಗೆ ಈಗ ಏನೂ ಕಾಣುವುದಿಲ್ಲ.

ನಾನು ಫೆಬ್ರವರಿ, ಮಾರ್ಚ್ ಎರಡೂ ತಿಂಗಳು ಆ ಹಣವನ್ನು ಪೆಟ್ಟಿಗೆಯಲ್ಲಿ ಬೇರೆಯಾಗಿ, ಭದ್ರವಾಗಿ ಇಟ್ಟುಕೊಂಡಿದ್ದೆ. ನಿನಗೆ ಕಳಿಸಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಇಟ್ಟುಕೊಂಡದ್ದರಿಂದ ಏನಾಯಿತು ಎನ್ನುವುದು ಗೊತ್ತು. ಒಂದು ದಿರ್ಹಮ್ ಕೂಡ ಆಚೀಚೆಯಾಗಿರಲಿಲ್ಲ.

ಉಪವಾಸದ ತಿಂಗಳು ಶುರುವಾಗಿದೆ. ಮಕ್ಕಳಿಗೆ ಅಜ್ಜಿಯ ಆಶೀರ್ವಾದ.

ಬತೂಲ್

---

ಫೆಸ್, 1 ಜುಲೈ 1987

ಪ್ರೀತಿಯ ತಂಗಿ ಬತೂಲ್‌ಗೆ,

ಬಹಳ ದಿನವಾಯಿತು, ಬರೆಯಲಾಗಲಿಲ್ಲ. ಅಂಗಡಿಯ ಕೆಲಸ. ಯಾಕೋ ಈಗ ತಿಂಗಳ ಕೊನೆಗೆ ಗಲ್ಲಾದಲ್ಲಿ ಏನೂ ಉಳಿಯುತ್ತಿಲ್ಲ. ಕಾಲ ಕೆಟ್ಟಿದೆ. ಮಿಷನ್ ಪಟ್ಟಿಯವನಿಗೆ ಎರಡು ತಿಂಗಳ ಬಾಕಿ. ಅಮ್ಮ ಹೇಗಿದ್ದಾಳೆ? ಅಲ್ಲಿನ ಒಣ ಹವೆಗೆ ಕಣ್ಣು ಸ್ವಲ್ಪವಾದರೂ ಸುಧಾರಿಸಿರಬೇಕು. ಚಿಕ್ಕವನಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ ಅಂತ ಹೇಳು.

ಒಂದು ಸಹಾಯವಾಗಬೇಕು. ರಬಾತ್‌ನಿಂದ ಹಳೆಯ ವಸ್ತುಗಳನ್ನು ಕೊಳ್ಳುವ ಒಬ್ಬ ಬಂದಿದ್ದ. ಹಸಿರು ಪಟ್ಟಿಯನ್ನು ನೋಡಿ ನಾಲ್ಕು ಸಾವಿರ ಅಂದ. ಇದು ನೇಯ್ದವನ ಹೆಂಡತಿಯೇ ತನ್ನ ಮದುವೆಯಲ್ಲಿ ಕಟ್ಟಿದ ಪಟ್ಟಿ ಅಂದೆ. "ಬಾಯಿಮಾತು ಯಾರು ನಂಬ್ತಾರೆ ಜವಾದ್ ಸಾಹೇಬ್ರೇ, ಆಕೆ ಬರ್ಕೊಟ್ರೆ ಎಂಟು ಕೊಡ್ತೀನಿ" ಅಂದ. ಅದಕ್ಕೇ ಬಣ್ಣದ ಫೋಟೋ ತೆಗೆಸಿ ಕಳಿಸಿದ್ದೇನೆ. ಜೊತೆಗೆ ಒಂದು ಕಾಗದವನ್ನೂ ಬರೆಸಿದ್ದೇನೆ: "ಈ ಚಿತ್ರದಲ್ಲಿರುವ ಪಟ್ಟಿಯನ್ನು ನಾನು ಕಣ್ಣಾರೆ ನೋಡಿ ಗುರುತಿಸಿದ್ದೇನೆ." ಅಮ್ಮ ಒಂದು ಸಲ ನೋಡಿ, ಕೆಳಗೆ ಹೆಬ್ಬೆಟ್ಟು ಒತ್ತಿದರೆ ಸಾಕು. ಎಂಟು ಬಂದರೆ ನಿನ್ನ ಸಾಲಕ್ಕೂ ಸ್ವಲ್ಪ ಕೊಡುತ್ತೇನೆ. ಅವನು ಎಂಟು ಅಂದವನು ಹತ್ತಕ್ಕೂ ಬರಬಹುದು, ನೋಡೋಣ.

ನಿನ್ನ ಅಣ್ಣ,
ಜವಾದ್

---

ತಿಝ್ನಿತ್, 9 ಜುಲೈ 1987

ಜವಾದ್‌ಗೆ,

ನಿನ್ನ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. ಚಿಕ್ಕವನ ಹಲ್ಲಿನ ಸುದ್ದಿಯನ್ನು ಎರಡು ಸಲ ಓದಿಸಿದಳು. ಫೋಟೋದ ಮಾತನ್ನು ನಾನು ಬಿಟ್ಟೆ.

"ಏನೋ ನುಂಗ್ದೆ. ಓದು," ಅಂದಳು.

ಓದಿದೆ.

"ನೋಡಿ ಹೇಳ್ಬೇಕಂತಾ?"

"ಹ್ಞೂಂ."

"ನೀನು ಅವನಿಗೆ ಬರೀಲಿಲ್ವಾ?"

"ಎರಡು ಸಲ ಬರ್ದೆ ಅಮ್ಮ."

"ಕಾಗ್ದ ಸಿಕ್ಕಿರಲ್ಲ. ಅಂಗಡಿ ಗದ್ದಲ," ಅಂದಳು. ಆಮೇಲೆ, "ಎಂಟು ಸಾವಿರ ಕೊಡ್ತಾರಂತಾ ಅದಕ್ಕೆ? ನಿಮ್ಮಪ್ಪನಿಗೆ ಅವತ್ತು ನೂಲಿನ ದುಡ್ಡೂ ಹುಟ್ಟಿರ್ಲಿಲ್ಲ," ಎಂದು ನಕ್ಕಳು.

ಫೋಟೋ ಕೈಗೆ ಕೊಟ್ಟೆ. ಹಿಂದುಮುಂದಾಗಿ ಹಿಡಿದುಕೊಂಡಳು. ನಾನು ತಿರುಗಿಸಲಿಲ್ಲ. ಈ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡ, ಇದು ಸುಳ್ಳು ಎಂದು ಹೇಳಿದೆ. ದನಿ ಏರಿಸಿ ಹೇಳಿದೆ, ಜಗಳವಾಡಿದೆ, ನಾನು ಹಾಗೆ ಮಾತನಾಡುವವಳಲ್ಲ ಎಂದು ನಿನಗೆ ಗೊತ್ತು. ಅವಳು ಕೇಳಲಿಲ್ಲ.

"ಅವನು ಕೇಳಿದ್ದಾನೆ," ಅಂದಳು. "ಎಲ್ಲಿ ಒತ್ಬೇಕು, ಕೈ ಹಿಡ್ದು ತೋರ್ಸು."

ತೋರಿಸಿದೆ. ಕಾಗದ ಇದರ ಜೊತೆಗಿದೆ.

ಬತೂಲ್